ಸಾನ್ ಮಾರ್ಕೊ ಗಡಿಯಾರ ಗೋಪುರದ ಒಳಗೆ ಒಂದು ಗಂಟೆ

ವೆನಿಸ್‌ಗೆ ಬಂದವರೆಲ್ಲರೂ ಸಾನ್ ಮಾರ್ಕೊ ಚೌಕದ ಗಡಿಯಾರ ಗೋಪುರವನ್ನು ನೋಡಿಯೇ ನೋಡುತ್ತಾರೆ. ಆದರೆ ಹೆಚ್ಚಿನವರು ಕೆಳಗೆ ನಿಂತು, ತಲೆಯೆತ್ತಿ, ಒಂದೆರಡು ಫೋಟೊ ತೆಗೆದುಕೊಂಡು, ಗೋಪುರದ ಕಮಾನಿನ ಕೆಳಗಿನಿಂದಲೇ ಮೆರ್ಚೆರಿಯಾ ಬೀದಿಯ ಅಂಗಡಿಗಳತ್ತ ಹೊರಟುಬಿಡುತ್ತಾರೆ. ಮೊದಲ ಸಲ ಬಂದಾಗ ನಾನೂ ಹಾಗೆಯೇ ಮಾಡಿದ್ದೆ. ಈ ಸಲ ಟಿಕೆಟ್ ಕಾಯ್ದಿರಿಸಿ ಒಳಗಿನ ಮೆಟ್ಟಿಲುಗಳನ್ನು ಹತ್ತಿದ ಮೇಲೆ, ವೆನಿಸ್‌ನಲ್ಲಿ ಒಂದೇ ಒಂದು ಟಿಕೆಟ್ಟಿಗೆ ದುಡ್ಡು ಕೊಡುವುದಾದರೆ ಇದಕ್ಕೇ ಕೊಡಿ ಎಂದು ಯಾರಿಗಾದರೂ ಹೇಳುವಷ್ಟು ಈ ಗೋಪುರ ನನ್ನ ಮನಸ್ಸಿನಲ್ಲಿ ಉಳಿದಿದೆ.

ಗೋಪುರದೊಳಗೆ ನಮ್ಮಷ್ಟಕ್ಕೆ ನಾವು ಹೋಗಲು ಬಿಡುವುದಿಲ್ಲ. ಮುಂಗಡವಾಗಿ ಕಾಯ್ದಿರಿಸಿ, ಗೊತ್ತುಪಡಿಸಿದ ಹೊತ್ತಿಗೆ, ಸಣ್ಣ ಗುಂಪಿನಲ್ಲಿ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ವಿವರಣೆ ಇಟಾಲಿಯನ್, ಇಂಗ್ಲಿಷ್ ಮತ್ತು ಫ್ರೆಂಚ್ ಭಾಷೆಗಳಲ್ಲಿದ್ದು, ಭಾಷೆಗೆ ತಕ್ಕಂತೆ ಸಮಯ ಬೇರೆಬೇರೆ. ಎಲ್ಲರೂ ಸೇರಬೇಕಾದ ಜಾಗ ಗೋಪುರದ ಬಾಗಿಲಲ್ಲ, ಚೌಕದ ಇನ್ನೊಂದು ತುದಿಯಲ್ಲಿರುವ ಕೊರ್ರೆರ್ ಮ್ಯೂಸಿಯಂನ ಟಿಕೆಟ್ ಕೌಂಟರ್. ನಾನು ಟಿಕೆಟ್ ಕೊಂಡ ಮಧ್ಯವರ್ತಿ ಜಾಲತಾಣವು ಇದನ್ನು ಎಲ್ಲಿಯೂ ತಿಳಿಸಿರಲಿಲ್ಲವಾದ್ದರಿಂದ ಗೋಪುರದ ಬುಡದಲ್ಲಿ ಕಾಯುತ್ತ ನಿಂತಿದ್ದೆ; ಅನುಮಾನ ಬಂದು ಚೌಕದುದ್ದಕ್ಕೂ ಓಡಿ ತಲುಪುವಷ್ಟರಲ್ಲಿ ಗುಂಪು ಹೊರಡುವುದರಲ್ಲಿತ್ತು. ಇನ್ನು ಮೆಟ್ಟಿಲುಗಳು: ಬಹಳ ಕಡಿದು, ಬಹಳ ಇಕ್ಕಟ್ಟು, ಕೆಲವೆಡೆ ಸುರುಳಿ. ಮಂಡಿನೋವು ಇರುವವರು, ಎತ್ತರಕ್ಕೆ ತಲೆ ಸುತ್ತುವವರು, ಇಕ್ಕಟ್ಟಾದ ಜಾಗದಲ್ಲಿ ಉಸಿರು ಕಟ್ಟಿದಂತಾಗುವವರು ಮತ್ತು ಗರ್ಭಿಣಿಯರು ಈ ಭೇಟಿಯ ಆಸೆ ಬಿಡುವುದು ಒಳ್ಳೆಯದು. ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ.

ಒಳಗೆ ಹೋಗುವ ಮುನ್ನ ಗಡಿಯಾರದ ಮುಖವನ್ನು ಸಾವಕಾಶವಾಗಿ ನೋಡಿಕೊಳ್ಳಬೇಕು. ನೀಲಿ ಮತ್ತು ಚಿನ್ನದ ಬಣ್ಣದ ಆ ಮುಖದ ಹೊರಸುತ್ತಿನಲ್ಲಿ ಹನ್ನೆರಡಲ್ಲ, ಇಪ್ಪತ್ನಾಲ್ಕು ಗಂಟೆಗಳ ರೋಮನ್ ಅಂಕಿಗಳಿವೆ. ಸೂರ್ಯನ ಚಿತ್ರವಿರುವ ಮುಳ್ಳು ಗಂಟೆಯನ್ನು ತೋರಿಸುತ್ತದೆ. ಒಳಸುತ್ತಿನಲ್ಲಿ ಹನ್ನೆರಡು ರಾಶಿಗಳಿವೆ, ಅದಕ್ಕೂ ಒಳಗೆ ಚಂದ್ರನ ವೃದ್ಧಿಕ್ಷಯಗಳು ಕಾಣುತ್ತವೆ, ನಟ್ಟನಡುವೆ ಭೂಮಿ ಇದೆ. ಈ ಗಡಿಯಾರ ಉದ್ಘಾಟನೆಯಾದದ್ದು 1499ರ ಫೆಬ್ರವರಿ 1ರಂದು, ಸೂರ್ಯನೇ ಕೇಂದ್ರ ಎಂದು ಕೊಪರ್ನಿಕಸ್ 1543ರಲ್ಲಿ ಪ್ರಕಟಿಸುವುದಕ್ಕೆ ನಲವತ್ನಾಲ್ಕು ವರ್ಷ ಮೊದಲು. ಆದ್ದರಿಂದ ಇಲ್ಲಿ ಭೂಮಿಯ ಸುತ್ತ ಸೂರ್ಯ ತಿರುಗುವುದು ಆ ಕಾಲದ ತಿಳಿವಳಿಕೆಯ ನೇರ ಚಿತ್ರ. ಮೊದಲಿಗೆ ಗ್ರಹಗಳ ಚಲನೆಯನ್ನೂ ಇದು ತೋರಿಸುತ್ತಿತ್ತು. ಹದಿನೆಂಟನೆಯ ಶತಮಾನದ ನಡುವೆ ಬಾರ್ತೊಲೊಮೆಯೊ ಫೆರಾಚಿನಾ ಯಂತ್ರವನ್ನು ಹೊಸದಾಗಿ ಕಟ್ಟಿ ಲೋಲಕವನ್ನು ಅಳವಡಿಸಿದಾಗ ಆ ಭಾಗ ಹೋಯಿತು.

ಮೂಲ ಯಂತ್ರವನ್ನು ಮಾಡಿದವರು ರೆಜ್ಜೊ ಎಮಿಲಿಯಾದ ಜಾನ್ ಪಾವೊಲೊ ರನಿಯೇರಿ ಮತ್ತು ಅವರ ಮಗ ಜಾನ್ ಕಾರ್ಲೊ. ಇಂಥ ಗಡಿಯಾರವನ್ನು ಇನ್ನೆಲ್ಲಿಯೂ ಮಾಡದಿರಲೆಂದು ಅವರ ಕಣ್ಣು ಕೀಳಿಸಿದರು ಎಂಬ ಕಥೆಯನ್ನು ವೆನಿಸ್‌ನಲ್ಲಿ ಇಂದಿಗೂ ಹೇಳುತ್ತಾರೆ. ಕಥೆ ಸುಳ್ಳು. ನಿಜವಾಗಿ ನಡೆದದ್ದು ನನಗೆ ಅದಕ್ಕಿಂತ ಹಿಡಿಸಿತು: ಗಡಿಯಾರವನ್ನು ನೋಡಿಕೊಳ್ಳಲು ಮಗನನ್ನು ವೆನಿಸ್‌ನಲ್ಲಿಯೇ ಇರಿಸಿಕೊಂಡರು. ಹೀಗೆ ಶುರುವಾದ ಪಾಲಕನ ಹುದ್ದೆಗೆ ತೆಂಪೆರಾತೊರೆ ಎಂದು ಹೆಸರು. ಗೋಪುರದೊಳಗೇ ಮನೆ ಮಾಡಿಕೊಂಡು, ಹೆಂಡತಿ ಮಕ್ಕಳೊಂದಿಗೆ ಬದುಕುತ್ತ, ಗಡಿಯಾರಕ್ಕೆ ಕೀಲಿ ಕೊಟ್ಟು, ತಪ್ಪಿದ ಸಮಯವನ್ನು ತಿದ್ದುವ ಈ ಪದ್ಧತಿ 1998ರವರೆಗೂ ನಡೆದು ಬಂತು. ಅನಂತರದ ದುರಸ್ತಿ ಮುಗಿದು ಗೋಪುರ ಜನರಿಗೆ ತೆರೆದದ್ದು 2006ರಲ್ಲಿ. ಹಲ್ಲಿನ ಚಕ್ರಗಳು ಒಂದನ್ನೊಂದು ಕಚ್ಚಿ ತಿರುಗುವ ಆ ಸದ್ದಿನ ಪಕ್ಕದಲ್ಲಿ ನಿಂತಾಗ, ಇದನ್ನೇ ಕೇಳುತ್ತ ರಾತ್ರಿ ನಿದ್ದೆ ಹೋಗುತ್ತಿದ್ದ ಮಕ್ಕಳ ನೆನಪೇ ನನಗೆ ಮತ್ತೆ ಮತ್ತೆ ಬರುತ್ತಿತ್ತು.

ಅಲ್ಲಿಂದ ಮೇಲೆ, ಹೊರಗಿನಿಂದ ಕನ್ಯೆ ಮರಿಯಳ ಮೂರ್ತಿ ಕಾಣುವ ಅಂತಸ್ತಿನ ಹಿಂಭಾಗಕ್ಕೆ ಬರುತ್ತೇವೆ. ಮೂರ್ತಿಯ ಒಂದು ಪಕ್ಕದ ಕಿಂಡಿಯಲ್ಲಿ ರೋಮನ್ ಅಂಕಿಯಲ್ಲಿ ಗಂಟೆ, ಇನ್ನೊಂದರಲ್ಲಿ ಐದೈದು ನಿಮಿಷಕ್ಕೊಮ್ಮೆ ಬದಲಾಗುವ ನಿಮಿಷದ ಅಂಕಿ. ಇದನ್ನು ಕೆಳಗಿನಿಂದ ನೋಡಿ ಇತ್ತೀಚಿನ ಸೇರ್ಪಡೆ ಎಂದುಕೊಂಡಿದ್ದೆ. ಆದರೆ ಇದು 1858ರದು. ಹಿಂದಿನಿಂದ ನೋಡಿದರೆ ಅವು ದೊಡ್ಡ ಉರುಳೆಗಳು, ಪ್ರತಿ ಮುಖದ ಮೇಲೂ ಒಂದೊಂದು ಅಂಕಿ. ರಾತ್ರಿ ಕಾಣಲೆಂದು ಆಗ ಒಳಗಿನಿಂದ ಗ್ಯಾಸ್ ದೀಪ ಹಚ್ಚುತ್ತಿದ್ದರು. ಐದು ನಿಮಿಷ ತುಂಬಿದೊಡನೆ ಆ ಭಾರಿ ಉರುಳೆ ಒಮ್ಮೆಲೇ ಹೊರಳಿ ನಿಂತದ್ದನ್ನು ಎರಡು ಮಾರು ದೂರದಿಂದ ಕಂಡಾಗ ಗುಂಪಿನವರೆಲ್ಲ ಒಟ್ಟಿಗೆ ಉದ್ಗಾರ ತೆಗೆದರು. ಅಲ್ಲಿಯೇ, ಶಿಶು ಯೇಸುವನ್ನು ಕಾಣಲು ಬಂದರೆನ್ನುವ ಮೂವರು ಜ್ಞಾನಿಗಳ ಮರದ ಮೂರ್ತಿಗಳೂ ತುತ್ತೂರಿ ಹಿಡಿದ ದೇವದೂತನ ಮೂರ್ತಿಯೂ ಇವೆ. ಆ ಜ್ಞಾನಿಗಳ ಭೇಟಿಯನ್ನು ನೆನೆಯುವ ಎಪಿಫನಿ (ಜನವರಿ 6) ಮತ್ತು ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಗಳಲ್ಲಿ ಮಾತ್ರ ಉರುಳೆಗಳನ್ನು ಸರಿಸಿ, ಆ ಕಿಂಡಿಗಳಿಂದಲೇ ಇವರನ್ನು ಹೊರಡಿಸುತ್ತಾರೆ; ಮರಿಯಳ ಮುಂದೆ ಬಾಗಿ ನಮಸ್ಕರಿಸಿ ಇನ್ನೊಂದು ಬಾಗಿಲಿನಿಂದ ಒಳಸೇರುತ್ತಾರೆ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಆ ದಿನಗಳಲ್ಲಿಯೇ ವೆನಿಸ್‌ನಲ್ಲಿರಿ.

ಇನ್ನೊಂದು ಅಂತಸ್ತಿನ ಹೊರಗೆ, ನೀಲಿ ಹಿನ್ನೆಲೆಯ ಚಿನ್ನದ ನಕ್ಷತ್ರಗಳ ನಡುವೆ ವೆನಿಸ್‌ನ ಲಾಂಛನವಾದ ಸಾನ್ ಮಾರ್ಕೊನ ರೆಕ್ಕೆಯ ಸಿಂಹ ಒಂಟಿಯಾಗಿ ನಿಂತಿದೆ. ಅದರ ಮುಂದೆ ಮಂಡಿಯೂರಿದ್ದ ಡೋಜ್ (ವೆನಿಸ್ ಗಣರಾಜ್ಯದ ಮುಖ್ಯಸ್ಥ) ಅಗೊಸ್ತೀನೊ ಬರ್ಬರೀಗೊ ಅವರ ಮೂರ್ತಿಯನ್ನು 1797ರಲ್ಲಿ, ನಗರ ಫ್ರೆಂಚರ ಕೈಸೇರಿದಾಗ, ತೆಗೆದುಹಾಕಿದರು. ಈ ಖಾಲಿ ಜಾಗವನ್ನು ಚೌಕದಲ್ಲಿ ನಿಂತೇ ನೋಡಬೇಕು.

ಕೊನೆಗೆ ತಾರಸಿ. ಪಕ್ಕದ ಸಾನ್ ಮಾರ್ಕೊ ಬೆಸಿಲಿಕಾ ಚರ್ಚಿನ ಗುಮ್ಮಟಗಳು ಕೈಗೆಟಕುವಂತೆ ಕಾಣುವ, ದೂರದಲ್ಲಿ ನೀರಿನಾಚೆ ಸಾನ್ ಜೋರ್ಜೊ ಮಜ್ಜೋರೆ ದ್ವೀಪದ ಚರ್ಚು ತೋರುವ ಈ ನೋಟ ಚೆಲುವಾದದ್ದೇ. ಆದರೆ ನನ್ನ ಗಮನವೆಲ್ಲ ತಾರಸಿಯ ಮೇಲಿನ, ಬಾರಿಸುವ ದೊಡ್ಡ ಗಂಟೆಯ ಎರಡು ಬದಿಯ ಕಂಚಿನ ಮೂರ್ತಿಗಳ ಮೇಲಿತ್ತು. ಕಂಚು ಕಪ್ಪಾದ್ದರಿಂದ ಜನ ಇವರನ್ನು ಮೂರರು (ಉತ್ತರ ಆಫ್ರಿಕಾದವರಿಗೆ ಯುರೋಪಿನವರು ಇಟ್ಟ ಹೆಸರು) ಎಂದು ಕರೆದರೂ, ಕುರಿಯ ತುಪ್ಪಳು ಹೊದ್ದ ಇವರು ಕುರುಬರೆಂದು ತೋರುತ್ತದೆ. ಒಬ್ಬನಿಗೆ ಗಡ್ಡವಿದೆ, ಅವನು ಹಿರಿಯ, ಇನ್ನೊಬ್ಬ ಕಿರಿಯ. ಪ್ರತಿ ಗಂಟೆಯನ್ನೂ ಇಲ್ಲಿ ಎರಡು ಸಲ ಬಾರಿಸುತ್ತಾರೆ: ಕಳೆದ ಕಾಲಕ್ಕಾಗಿ ಹಿರಿಯ ಎರಡು ನಿಮಿಷ ಮೊದಲು, ಬರುವ ಕಾಲಕ್ಕಾಗಿ ಕಿರಿಯ ಎರಡು ನಿಮಿಷ ತಡವಾಗಿ. ನಮ್ಮ ಸುತ್ತು ಮುಗಿಯುತ್ತ ಬಂದಾಗ ಹಿರಿಯನು ಸೊಂಟದಿಂದ ಮೇಲಕ್ಕೆ ಮೆಲ್ಲನೆ ತಿರುಗಿ, ಸುತ್ತಿಗೆ ಬೀಸಿ, ಮೊದಲ ಏಟು ಹಾಕಿದ. ನಾದ ಕಿವಿಗಿಂತ ಮೊದಲು ಎದೆಗೆ ತಾಕಿತು. ಅವನು ಎಣಿಸಿ ಮುಗಿಸಿದ ಮೇಲಿನ ಆ ನಾಲ್ಕು ನಿಮಿಷ ಮಾರ್ಗದರ್ಶಿಯೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ; ಎಲ್ಲರೂ ಕಿರಿಯನ ಕೈಯಲ್ಲಿದ್ದ ಸುತ್ತಿಗೆಯನ್ನೇ ನೋಡುತ್ತ ನಿಂತಿದ್ದೆವು.