ಕಾರವಾರದ ಚಪಲ್ ಹಡಗು, ಮಕ್ಕಳ ಜೊತೆ: ಫ್ರೀ ದಿನಕ್ಕೆ ಕಾಯಬೇಡಿ

ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುವುದಾದರೆ ಪ್ರವೇಶ ಫ್ರೀ ಇರುವ ದಿನ ನೋಡಿ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ದೊಡ್ಡ ಅಂಗಳ ಇರುವ ಕಡೆ ಫ್ರೀ ದಿನ ಒಳ್ಳೆಯದೇ. ಆದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಯುದ್ಧನೌಕೆಯಂಥ ಇಕ್ಕಟ್ಟಾದ ಜಾಗಕ್ಕೆ ಜನ ಕಡಿಮೆ ಇರುವ ಯಾವುದಾದರೂ ಸಾದಾ ದಿನ ಟಿಕೆಟ್ ತೆಗೆದುಕೊಂಡೇ ಹೋಗಿ. ಯಾಕೆ ಅಂತ ಹೇಳುತ್ತೇನೆ.

ನಾವು ಹೋಗಿದ್ದು ನನ್ನ ಮಗಳು ಮತ್ತು ಅಕ್ಕನ ಮಗನ ಜೊತೆ. ಇಬ್ಬರೂ ಪ್ರೈಮರಿ ಶಾಲೆಯವರು. ಹೆದ್ದಾರಿ ಪಕ್ಕದಲ್ಲೇ ಮರಳಿನ ಮೇಲೆ ಕೂತಿರುವ ಹಡಗು ದೂರದಿಂದಲೇ ಕಾಣುತ್ತದೆ, ಮೈಮೇಲೆ ಕೆ94 ಅಂತ ನಂಬರ್. ಸುಮಾರು 39 ಮೀಟರ್ ಉದ್ದ, ಅಂದರೆ ಯುದ್ಧನೌಕೆಗಳ ಲೆಕ್ಕದಲ್ಲಿ ತೀರಾ ಸಣ್ಣದು. ಆದರೆ ಮಕ್ಕಳಿಗೆ ಸಣ್ಣದು ಅನ್ನಿಸುವುದೇ ಇಲ್ಲ. ಒಳಗೆ ಹೋದ ಕೂಡಲೇ ಅವರು ಕೇಳುವುದು ಬೇರೆ ಪ್ರಶ್ನೆ. "ಚಿಕ್ಕಿ, ಇಷ್ಟು ಜನ ಇದರೊಳಗೆ ಎಲ್ಲಿ ಮಲಗ್ತಿದ್ರು?" ಇದೇ ಇಲ್ಲಿ ನೋಡಬೇಕಾದ ಸಂಗತಿ ಅಂತ ನನಗೆ ಅನ್ನಿಸಿತು. ಸುಮಾರು ಮೂವತ್ತು ಜನ ಸಮುದ್ರದ ಮಧ್ಯೆ ಇಷ್ಟೇ ಜಾಗದಲ್ಲಿ ಉಂಡು, ಮಲಗಿ, ಕೆಲಸ ಮಾಡುತ್ತಿದ್ದರು ಅನ್ನುವುದು ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ. ಇಲ್ಲಿ ಒಂದರ ಮೇಲೊಂದು ಇರುವ ಮಂಚ, ಸಣ್ಣ ಅಡುಗೆ ಜಾಗ, ಸಮವಸ್ತ್ರ ಹಾಕಿಸಿ ಕೂರಿಸಿದ ಬೊಂಬೆಗಳು, ಇವನ್ನೆಲ್ಲ ನೋಡಿದಾಗ ಹೇಳಿಕೊಡದೆ ಅರ್ಥ ಆಗುತ್ತದೆ.

ಬಾಗಿಲುಗಳ ಹೊಸ್ತಿಲು ಎತ್ತರಕ್ಕಿದೆ. ಒಂದು ಕೋಣೆಗೆ ನೀರು ನುಗ್ಗಿದರೆ ಇನ್ನೊಂದಕ್ಕೆ ಹೋಗಬಾರದು ಅಂತ ಹಡಗಿನಲ್ಲಿ ಹಾಗೆ ಕಟ್ಟುತ್ತಾರೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಓಡುವ ಭರದಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ಮೆಟ್ಟಿಲು ಕಡಿದಾಗಿದೆ, ಇಳಿಯುವಾಗ ಹಿಂದೆ ತಿರುಗಿ ಇಳಿಯುವುದೇ ಸರಿ. ಕಂಕುಳಲ್ಲಿ ಎತ್ತಿಕೊಂಡು ಹೋಗುವ ಕೂಸು ಇದ್ದರೆ ಒಬ್ಬರು ಹೊರಗೆ ಕೂತು ಇನ್ನೊಬ್ಬರು ಒಳಗೆ ಹೋಗಿ ಬನ್ನಿ. ಅದೇ ಕ್ಷೇಮ. ಸೀರೆ ಉಟ್ಟವರಿಗೂ ಸ್ವಲ್ಪ ಕಷ್ಟ. ಮತ್ತೆ ಇದು ಲೋಹದ ಹಡಗು, ಮಾರ್ಚ್ ಏಪ್ರಿಲ್‌ನ ಮಧ್ಯಾಹ್ನ ಬಿಸಿಲಿಗೆ ಹೇಗೆ ಕಾಯುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಅಥವಾ ಸಂಜೆ ಹೋಗಿ. ಯಾವ ಹೊತ್ತಿಗೆ ತೆರೆದಿರುತ್ತದೆ, ವಾರದ ರಜೆ ಯಾವತ್ತು ಅಂತ ಹೊರಡುವ ಮೊದಲು ಕೇಳಿಕೊಳ್ಳಿ.

ಈಗ ಫ್ರೀ ದಿನದ ಮಾತಿಗೆ ಬರುತ್ತೇನೆ. ಇಂಥ ಕಡೆ ಹಿಂದಿನಿಂದ ಜನ ಒತ್ತಿಕೊಂಡು ಬಂದರೆ ಮಗು ನಿಂತು ನೋಡುವುದಕ್ಕೇ ಆಗುವುದಿಲ್ಲ. ಒಂದು ದೊಡ್ಡ ಊರಿನ ಮ್ಯೂಸಿಯಂಗೆ, ಹೆಸರು ಬೇಡ, ನಾವು ಪ್ರವೇಶ ಉಚಿತ ಇದ್ದ ದಿನ ಹೋಗಿದ್ದೆವು. ಸಾಲಿನಲ್ಲಿ ಒಳಗೆ ಹೋದೆವು, ಸಾಲಿನಲ್ಲೇ ಹೊರಗೆ ಬಂದೆವು, "ಮುಂದೆ ನಡೀರಿ, ಮುಂದೆ ನಡೀರಿ" ಅಂತ ಕೂಗು, ಮಗಳಿಗೆ ಕಂಡಿದ್ದು ಮುಂದಿದ್ದವರ ಬೆನ್ನು ಮಾತ್ರ, ಮನೆಗೆ ಬಂದು ಏನು ನೋಡಿದೆ ಅಂತ ಕೇಳಿದರೆ ಒಂದನ್ನೂ ಹೇಳಲಿಲ್ಲ. ಚಪಲ್‌ನಲ್ಲಿ ಅವಳು ಒಂದೇ ಕಡೆ, ಇಂಜಿನ್ ಇರುವಲ್ಲಿ, ಎಷ್ಟೋ ಹೊತ್ತು ನಿಂತಿದ್ದಳು. ಮೂರು ಡೀಸೆಲ್ ಇಂಜಿನ್, ಮೂರಕ್ಕೂ ನೀರೊಳಗೆ ತಿರುಗುವ ಒಂದೊಂದು ಫ್ಯಾನು, ಅಂದರೆ ಪ್ರೊಪೆಲ್ಲರ್, ಹಾಗಾಗಿ ತುಂಬಾ ಜೋರಾಗಿ ಓಡುತ್ತಿತ್ತು ಅಂತ ಹೇಳಿದೆ. "ಮೀನು ಹಿಡಿಯೋ ಬೋಟಿಗಿಂತ ಜೋರಾ ಆಯಿ?" ಅಂತ ಕೇಳಿದಳು. ಅವಳಿಗೆ ಗೊತ್ತಿರುವ ಅಳತೆ ಅದೇ ಅಲ್ವಾ. ಆ ಪ್ರಶ್ನೆ ಬರಬೇಕಾದರೆ ಯಾರೂ ಹಿಂದಿನಿಂದ ತಳ್ಳಬಾರದು.

ಒಂದು ವಿಷಯ ಸರಿಯಾಗಿ ಹೇಳಿಕೊಡಿ. ಈ ಹಡಗೇ 1971ರ ಯುದ್ಧದಲ್ಲಿ ಕರಾಚಿಗೆ ಹೋಗಿ ಹೊಡೆದು ಬಂದಿತ್ತು ಅಂತ ನಮ್ಮ ಕಡೆ ತುಂಬಾ ಜನ ಹೇಳುತ್ತಾರೆ. ಅದು ಹಾಗಲ್ಲ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿ ಆಗಿದ್ದು 2005ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಗೆ ಹೋಗಿದ್ದು ನಿಪಾತ್, ನಿರ್ಘಾತ್, ವೀರ್ ಅನ್ನುವ ಕ್ಷಿಪಣಿ ದೋಣಿಗಳು. ಅವೂ ರಷ್ಯಾದವರು ಕಟ್ಟಿದ ಇದೇ ಜಾತಿಯವು, ಚಪಲ್‌ಗಿಂತ ಹಿಂದಿನ ಮಾದರಿ. ಡಿಸೆಂಬರ್ 4ನ್ನು ನೌಕಾ ದಿನ ಅಂತ ಆಚರಿಸುವುದು ಆ ರಾತ್ರಿಯ ನೆನಪಿಗೇ. ಹೀಗೆ ಹೇಳಿದರೆ ಕಥೆಯ ರೋಚಕತೆ ಏನೂ ಕಮ್ಮಿ ಆಗುವುದಿಲ್ಲ. ಇಂಥದ್ದೇ ಪುಟ್ಟ ಮೂರು ದೋಣಿ ಅಷ್ಟು ದೊಡ್ಡ ಬಂದರಿಗೆ ಹೋಗಿ ಬಂದವು ಅಂದಾಗ, ಹಡಗಿನ ಒಳಗೆ ನಿಂತಿದ್ದ ಇಬ್ಬರೂ ಸುತ್ತ ಒಮ್ಮೆ ನೋಡಿದರು. ನಾಲ್ಕು ಕ್ಷಿಪಣಿ ಹೊತ್ತುಕೊಂಡು ಹೋಗುವುದೇ ಈ ಹಡಗಿನ ಮುಖ್ಯ ಕೆಲಸ, ಉಳಿದ ಜಾಗ ಎಲ್ಲ ಅದಕ್ಕೆ ಬೇಕಾಗಿ ಇದ್ದದ್ದು. ಅದನ್ನು ಹೇಳಿದ ಮೇಲೆ ಮಲಗುವ ಜಾಗ ಯಾಕೆ ಅಷ್ಟು ಸಣ್ಣದು ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಪಕ್ಕದಲ್ಲೇ ಟುಪೊಲೆವ್ 142ಎಂ ವಿಮಾನ ಇದೆ. ಇದು ದೈತ್ಯ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುವುದು ಇದರ ಕೆಲಸ ಆಗಿತ್ತು. 1988ರಲ್ಲಿ ಈ ವಿಮಾನಗಳು ಮೊದಲು ಬಂದಿದ್ದು ನಮ್ಮ ಪಕ್ಕದ ಗೋವಾದ ದಾಬೋಲಿಗೆ, ಆಮೇಲೆ ತಮಿಳುನಾಡಿನ ಅರಕ್ಕೋಣಂಗೆ ಹೋದವು, 2017ರಲ್ಲಿ ನಿವೃತ್ತಿ ಆದವು. ಮಕ್ಕಳಿಗೆ ಇಲ್ಲಿ ಒಂದು ಕೆಲಸ ಕೊಡಿ. ಒಟ್ಟು ಎಷ್ಟು ಪ್ರೊಪೆಲ್ಲರ್ ಎಲೆ ಇದೆ ಅಂತ ಎಣಿಸಲಿ. ನಾಲ್ಕು ಇಂಜಿನ್, ಒಂದೊಂದಕ್ಕೆ ಹಿಂದೆ ಮುಂದೆ ಎರಡೆರಡು ಪ್ರೊಪೆಲ್ಲರ್, ಒಂದೊಂದರಲ್ಲಿ ನಾಲ್ಕು ಎಲೆ. ಉತ್ತರ 32. ಎರಡೂ ಪ್ರೊಪೆಲ್ಲರ್ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗುತ್ತವೆ ಅಂತ ಹೇಳಿದರೆ ದೊಡ್ಡ ಮಕ್ಕಳು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಹಿಂದಿನದು ವಿರುದ್ಧವಾಗಿ ತಿರುಗಿದರೆ ಮುಂದಿನದು ಸುತ್ತಿಸಿ ಬಿಟ್ಟ ಗಾಳಿಯ ಬಲವೂ ದಂಡ ಆಗುವುದಿಲ್ಲ.

ನಿಜವಾಗಿ ಫ್ರೀ ಆಗಿ ಹಡಗು ನೋಡಬೇಕು ಅಂದರೆ ಅದಕ್ಕೆ ನೌಕಾ ದಿನದ ಹೊತ್ತು ಇದೆ. ಹಲವು ವರ್ಷ ಆ ಸಮಯದಲ್ಲಿ ಕಾರವಾರದ ಕದಂಬ ನೌಕಾನೆಲೆಯೊಳಗೆ ಶಾಲಾ ಮಕ್ಕಳಿಗೆ, ಸಾರ್ವಜನಿಕರಿಗೆ ಹಡಗು ತೋರಿಸಿದ್ದಾರೆ. ದಿನ ಪ್ರತಿ ಸಲ ಬೇರೆ, ಪೇಪರಿನಲ್ಲಿ ಬರುತ್ತದೆ, ನವೆಂಬರ್ ಕೊನೆಯಿಂದ ಒಂದು ಕಣ್ಣಿಟ್ಟಿರಿ. ಗುರುತಿನ ಚೀಟಿ ಬೇಕೇ ಬೇಕು. ಜನ ಜಾಸ್ತಿ, ಬಿಸಿಲಿನಲ್ಲಿ ನಿಲ್ಲಬೇಕು, ನೀರು ಟೋಪಿ ಇಟ್ಟುಕೊಳ್ಳಿ. ಇಷ್ಟಾದರೂ ಇದೊಂದು ಫ್ರೀ ದಿನವನ್ನು ತಪ್ಪಿಸಬೇಡಿ ಅಂತ ಹೇಳುತ್ತೇನೆ. ಯಾಕೆಂದರೆ ಅಲ್ಲಿ ಬೊಂಬೆ ಇಲ್ಲ. ಕೆಲಸದಲ್ಲಿರುವ ಹಡಗು, ಅದರಲ್ಲೇ ಇರುವ ನಾವಿಕರು. ಚಪಲ್ ಮೊದಲೇ ನೋಡಿದ ಮಕ್ಕಳಾದರೆ ಅವರ ಹತ್ತಿರ ಕೇಳಲು ಪ್ರಶ್ನೆಗಳು ರೆಡಿ ಇರುತ್ತವೆ.

ಹೊರಗಿನ ಊರಿಗೆ ಹೋಗುವವರಿಗೆ ಒಂದು ಲೆಕ್ಕ. ಪುರಾತತ್ವ ಇಲಾಖೆಯ, ಅಂದರೆ ಕೇಂದ್ರ ಸರ್ಕಾರದ್ದು, ಹಂಪಿ ಬಾದಾಮಿಯಂಥ ಜಾಗಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಯಾವಾಗಲೂ ಟಿಕೆಟ್ ಇಲ್ಲ. ಏಪ್ರಿಲ್ 18ರ ವಿಶ್ವ ಪರಂಪರೆ ದಿನ, ನವೆಂಬರ್ 19, ಹೀಗೆ ಎಲ್ಲರಿಗೂ ಉಚಿತ ಬಿಡುವ ದಿನ ಹೋದರೆ ಉಳಿಯುವುದು ದೊಡ್ಡವರ ಟಿಕೆಟ್ ಅಷ್ಟೇ. ಆ ಉಳಿತಾಯಕ್ಕೆ ಅಷ್ಟು ಜನಸಂದಣಿ ಬೇಕಾ? ಏಪ್ರಿಲ್‌ನದು ಬೇಸಿಗೆ ರಜೆಯಲ್ಲಿ ಬರುತ್ತದೆ, ಹಂಪಿಯ ಬಂಡೆ ಕಾದ ಹೊತ್ತಲ್ಲಿ. ನನ್ನ ಮಟ್ಟಿಗೆ ಬೇಡ. ಹಂಪಿಗೆ ಹೋದರೆ ಕಮಲಾಪುರದ ಮ್ಯೂಸಿಯಂ ಬಿಡಬೇಡಿ, ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಮಕ್ಕಳು ಅದರ ಸುತ್ತ ಓಡಾಡಿ ತಾವು ಹತ್ತಿದ ಗುಡ್ಡ ಹುಡುಕಬಹುದು. ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, ಅದು ನೆನಪಿರಲಿ.

ಶಿರಸಿ ಕಡೆಯವರಿಗಂತೂ ಬನವಾಸಿ ಇದೆ. ಮಧುಕೇಶ್ವರ ದೇವಸ್ಥಾನದ ಅಂಗಳಕ್ಕೆ ಯಾವ ದಿನವೂ ಟಿಕೆಟ್ ಇಲ್ಲ. ಐದು ಹೆಡೆಯ ನಾಗನ ಕಲ್ಲು, ಅದರ ಮೇಲೆ ಪ್ರಾಕೃತದ ಬರಹ, ಸೋದೆ ಅರಸರ ಕಾಲದ ಕಲ್ಲಿನ ಮಂಚ. ಮಂಚದ ಕೆತ್ತನೆಯಲ್ಲಿ ಯಾವ ಯಾವ ಪ್ರಾಣಿ ಇದೆ ಅಂತ ಹುಡುಕಲು ಬಿಡಿ, ನೀವು ಕಟ್ಟೆ ಮೇಲೆ ಕೂತುಕೊಳ್ಳಿ. ಫ್ರೀ ಅನ್ನುವುದರ ನಿಜವಾದ ಲಾಭ ನನಗೆ ಗೊತ್ತಾಗಿದ್ದು ಇಲ್ಲಿ. ಟಿಕೆಟ್ ತೆಗೆದರೆ ಕೊಟ್ಟ ದುಡ್ಡು ವಸೂಲಾಗಬೇಕು ಅಂತ ಮಕ್ಕಳನ್ನು ಕೊನೆಯ ಕೋಣೆವರೆಗೂ ಎಳೆದುಕೊಂಡು ಹೋಗುತ್ತೇವೆ. ಇಲ್ಲಿ ಮಗು ಸಾಕು ಅಂದರೆ ಸಾಕು. ಅರ್ಧ ನೋಡಿ ಎದ್ದು ಬರಬಹುದು, ಉಳಿದದ್ದನ್ನು ಇನ್ನೊಂದು ಸಲ ನೋಡಬಹುದು. ಚಪಲ್‌ನಲ್ಲೂ ನಾವು ಹಾಗೇ ಮಾಡಿದೆವು, ಹುಡುಗನಿಗೆ ಬೇಜಾರು ಬಂದ ಕೂಡಲೇ ಹೊರಗೆ ಬಂದು ಮರಳಿಗೆ ಬಿಟ್ಟೆವು.

ಹೋಗುವ ದಾರಿ ಸುಲಭ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ದುಡ್ಡಿಲ್ಲ, ಹಾಗಾಗಿ ಕುಮಟಾ, ಅಂಕೋಲಾ ಕಡೆಯ ತಾಯಂದಿರಿಗೆ ಚಪಲ್‌ನ ಟಿಕೆಟ್ ಭಾರ ಅನ್ನಿಸಬಾರದು. ಕಾರವಾರ ಬಸ್ ಸ್ಟ್ಯಾಂಡಿನಿಂದ ಕಡಲತೀರ ನಡೆದುಕೊಂಡು ಹೋಗುವಷ್ಟೇ ದೂರ. ಏಳೆಂಟು ವರ್ಷ ಮೇಲ್ಪಟ್ಟ ಮಕ್ಕಳಿಗೆ ಚಪಲ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅದಕ್ಕಿಂತ ಸಣ್ಣವರಿಗೆ ಮೂರು. ಮಳೆಗಾಲದಲ್ಲಿ ಹೋದರೆ ಹಡಗು, ವಿಮಾನ ನೋಡಿ ವಾಪಸ್ ಬನ್ನಿ, ಜೂನ್‌ನಿಂದ ಸೆಪ್ಟೆಂಬರ್ ಸಮುದ್ರಕ್ಕೆ ಮಕ್ಕಳನ್ನು ಇಳಿಸಬೇಡಿ.