ಸಿಮೇಕ್: ಈ ಓಪನ್‌ಸಿವಿಯನ್ನು ಎಲ್ಲಿಂದ ಎತ್ತಿಕೊಂಡು ಬಂತು?

ದಾವಣಗೆರೆ ಮಂಡಿಯಲ್ಲಿ ಮೆಕ್ಕೆಜೋಳದ ಕಾಳನ್ನು ಕ್ಯಾಮೆರಾ ಹಿಡಿದು ವಿಂಗಡಿಸುವ ಪ್ರೋಗ್ರಾಂ ನಮ್ಮದು. ಸಿ++ನಲ್ಲಿ ಬರೆದದ್ದು, ಆಧಾರ ಓಪನ್‌ಸಿವಿ, ಅಂದರೆ ಚಿತ್ರಗಳನ್ನು ವಿಶ್ಲೇಷಿಸುವ ಸಿದ್ಧ ಕೋಡ್‌ನ ಲೈಬ್ರರಿ. ಉಬುಂಟು ಲಿನಕ್ಸ್ 20.04ರ ಕಾಲದಿಂದ ಸಿಮೇಕ್‌ನಲ್ಲೇ ಬಿಲ್ಡ್ ಮಾಡುತ್ತಿದ್ದೇವೆ; ಬೇಕಾದ ಲೈಬ್ರರಿಗಳನ್ನು ಹುಡುಕಿ, ಕೋಡನ್ನು ಓಡುವ ಪ್ರೋಗ್ರಾಂ ಮಾಡಲು ಸಜ್ಜುಗೊಳಿಸುವ ಸಾಧನ ಅದು. ಸಿಮೇಕ್ ಹಾಕಿಕೊಳ್ಳುವುದು ಹೇಗೆಂದು ಎಲ್ಲರಿಗೂ ಗೊತ್ತು. ಅದರ ಫೈಂಡ್‌ಪ್ಯಾಕೇಜ್ ಆದೇಶ ಲೈಬ್ರರಿ ಹುಡುಕುವ ರೀತಿಯ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ದೂರು ಮೊದಲು. ಆಫೀಸಿನ ಮಷೀನಿನಲ್ಲಿ ಸಲೀಸಾಗಿ ಓಡುವ ಪ್ರೋಗ್ರಾಂ, ಮಂಡಿಯ ಮಷೀನಿಗೆ ಹೋದ ಕೂಡಲೇ ಓಪನ್‌ಸಿವಿಯ ಕೋರ್ ಲೈಬ್ರರಿ ಸಿಗಲಿಲ್ಲ ಎಂದು ನಿಂತುಬಿಡುತ್ತದೆ. ಎರಡರಲ್ಲೂ ಉಬುಂಟು 22.04, ಎರಡರಲ್ಲೂ ಉಬುಂಟುವಿನ ಪ್ಯಾಕೇಜ್ ಸಾಧನ ಆಪ್ಟ್‌ನಿಂದ ಹಾಕಿದ ಅದೇ ಓಪನ್‌ಸಿವಿ 4.5.4. ಆದರೆ ಆಫೀಸಿನದರಲ್ಲಿ ಪೈಥಾನ್ ಕೆಲಸಕ್ಕೆಂದು ಮಿನಿಕಾಂಡಾ (ಪೈಥಾನ್ ಮತ್ತು ಲೈಬ್ರರಿಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿ ಇಡುವ ಕಾಂಡಾದ ಚಿಕ್ಕ ರೂಪ) ಇದೆ, ಅದರೊಳಗೆ ಇನ್ನೊಂದು ಓಪನ್‌ಸಿವಿ ಇದೆ. ಟರ್ಮಿನಲ್ ತೆರೆದ ತಕ್ಷಣ ಕಾಂಡಾ ತನ್ನ ಬಿನ್ ಫೋಲ್ಡರನ್ನು ಪಾತ್‌ನ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಮುಂದಕ್ಕೆ ಸೇರಿಸುತ್ತದೆ. ಸಿಮೇಕ್ ಆ ಪಾತ್‌ನಲ್ಲಿರುವ ಪ್ರತಿಯೊಂದು ವಿಳಾಸದ ಕೊನೆಯ 'ಬಿನ್' ಕತ್ತರಿಸಿ, ಉಳಿದ ಫೋಲ್ಡರಿನ ಕೆಳಗೆ ಲೈಬ್ರರಿ ಎಲ್ಲಿದೆ ಎಂದು ಹೇಳುವ ಕಾನ್ಫಿಗ್ ಫೈಲ್ ಇದೆಯೇ ಎಂದು ನೋಡುತ್ತದೆ. ಹೀಗಾಗಿ ಆಪ್ಟ್ ಲೈಬ್ರರಿ ಹಾಕುವ /ಯುಎಸ್‌ಆರ್ ತಲುಪುವ ಮೊದಲೇ ಕಾಂಡಾದ ಓಪನ್‌ಸಿವಿ ಅದರ ಕೈಗೆ ಸಿಗುತ್ತದೆ. ಆಫೀಸಿನಲ್ಲಿ ಗೊತ್ತಾಗದಿರುವುದಕ್ಕೂ ಕಾರಣವಿದೆ: ಬಿಲ್ಡ್ ಫೋಲ್ಡರಿನಲ್ಲಿರುವ ಪ್ರೋಗ್ರಾಂ ಒಳಗೆ ಆ ಲೈಬ್ರರಿಯ ವಿಳಾಸವನ್ನು ಸಿಮೇಕ್ ಆರ್‌ಪಾತ್ (ಓಡುವಾಗ ಲೈಬ್ರರಿ ಹುಡುಕುವ ವಿಳಾಸ) ಆಗಿ ಬರೆದಿಟ್ಟಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಅದನ್ನು ಅಳಿಸುತ್ತದೆ.

ಸರಿ, ಕಾಂಡಾ ಡಿಆಕ್ಟಿವೇಟ್ ಮಾಡಿ ಮತ್ತೆ ಸಿಮೇಕ್ ಓಡಿಸಿದರೆ? ಅದೇ ಓಪನ್‌ಸಿವಿ. ಒಮ್ಮೆ ಸಿಕ್ಕ ವಿಳಾಸ, ಹಿಂದಿನ ಉತ್ತರಗಳನ್ನು ನೆನಪಿಟ್ಟುಕೊಳ್ಳುವ ಸಿಮೇಕ್‌ಕ್ಯಾಶ್ ಫೈಲಿನಲ್ಲಿ ಓಪನ್‌ಸಿವಿ_ಡಿಐಆರ್ ಎಂಬ ಹೆಸರಲ್ಲಿ ಕೂತಿರುತ್ತದೆ. ಸಿಗದಿದ್ದದ್ದನ್ನು ಪ್ರತಿ ಸಲ ಮತ್ತೆ ಹುಡುಕುತ್ತದೆ, ಸಿಕ್ಕಿದ್ದನ್ನು ಮತ್ತೆ ಹುಡುಕುವುದಿಲ್ಲ. ಈ ನಡವಳಿಕೆ ತಿಳಿಯದವರ ದಿನಗಟ್ಟಲೆ ಸಮಯ ತಿನ್ನುತ್ತದೆ.

ಅದಕ್ಕೇ ಇಲ್ಲಿ ಒಂದು ರೂಢಿ ಬೆಳೆದಿದೆ. ಬೆಳಗಿನ ಚಹಾ ಲೋಟ ಕೈಯಲ್ಲಿರುವಾಗಲೇ ಸಿಮೇಕ್ ಓಡಿಸಿ, ಕ್ಯಾಶ್ ಫೈಲಿನಲ್ಲಿ '_ಡಿಐಆರ್' ಎಂದು ಗ್ರೆಪ್ ಮಾಡಿ (ಆ ಪದವಿರುವ ಸಾಲುಗಳನ್ನು ಹುಡುಕಿ), ಬಂದ ಸಾಲುಗಳನ್ನು ಒಂದೊಂದಾಗಿ ಓದುವುದು. ಲೈಬ್ರರಿಗಳ ವಿಳಾಸವೆಲ್ಲ /ಯುಎಸ್‌ಆರ್‌ನಿಂದ ಶುರುವಾಗಬೇಕು. ಅವುಗಳಲ್ಲಿ ಒಂದರಲ್ಲಿ /ಹೋಮ್ ಕಂಡರೂ, ಬಿಲ್ಡ್ ನಡೆಸುವ ಮೇಕ್‌ಗೆ ಕೈ ಹಾಕುವುದಿಲ್ಲ. ಹತ್ತು ಸೆಕೆಂಡಿನ ಕೆಲಸ, ಮಂಡಿಗೆ ಒಂದು ಓಡಾಟ ಉಳಿಸುತ್ತದೆ.

ಇಷ್ಟಾದರೂ ಸಿಮೇಕ್ ಬಿಟ್ಟಿಲ್ಲ. ಡಿಬಗ್-ಫೈಂಡ್ ಆಯ್ಕೆ ಕೊಟ್ಟರೆ ಯಾವ ಯಾವ ಫೋಲ್ಡರ್ ತಡಕಿತು, ಯಾವ ಕ್ರಮದಲ್ಲಿ, ಕೊನೆಗೆ ಎಲ್ಲಿ ಸಿಕ್ಕಿತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಅದನ್ನು ಮೊದಲ ಸಲ ಓದಿದಾಗ ಆದ ಖುಷಿಯೇ ಬೇರೆ: ಪ್ರತಿ ಹೆಜ್ಜೆಗೂ ಲೆಕ್ಕ ಇದೆ! ಉಬುಂಟು 20.04ರ ಜೊತೆ ಬಂದ ಸಿಮೇಕ್ 3.16ರಲ್ಲಿ ಇದು ಇರಲಿಲ್ಲ, 3.17ಕ್ಕೆ ಬಂತು. ಒಂದೇ ಪ್ಯಾಕೇಜಿಗೆ ಡಿಬಗ್ ಮಾಡಲು 3.23 ಬೇಕು, ಹಳೇ ಕ್ಯಾಶ್ ಬಿಟ್ಟು ಹೊಸದಾಗಿ ಶುರುಮಾಡುವ ಫ್ರೆಶ್ ಆಯ್ಕೆಗೆ 3.24. ಉಬುಂಟು 22.04 ಕೊಡುವುದು 3.22. ಬೇಸರ ಅನ್ನಿಸುವುದು ಇಲ್ಲೇ, ಯಾಕಂದರೆ ಮಂಡಿಯ ಹಳೇ ಮಷೀನುಗಳಿಗೆ ಹೊಸ ಉಬುಂಟು ಹಾಕುವಷ್ಟು ಬಜೆಟ್ಟೂ ಇಲ್ಲ, ಬಿಡುವೂ ಇಲ್ಲ. ಪೈಥಾನಿನ ಪ್ಯಾಕೇಜ್ ಸಾಧನ ಪಿಪ್‌ನಿಂದ ಹೊಸ ಸಿಮೇಕ್ ಹಾಕಿಕೊಳ್ಳಬಹುದು. ಅದೂ ಬೇಡವೆಂದರೆ ದೊಡ್ಡಕ್ಷರದ ಯು ಆಯ್ಕೆಯಿಂದ ಓಪನ್‌ಸಿವಿ ಹೆಸರಿನ ಕ್ಯಾಶ್ ಸಾಲುಗಳನ್ನಷ್ಟೇ ಕಿತ್ತು ಹಾಕಿದರೆ ಸಾಕು.

ಹೆಸರು '-ಡೆವ್' ಎಂದು ಮುಗಿಯುವ ಪ್ಯಾಕೇಜ್ ಹಾಕದೆ ಲೈಬ್ರರಿ ಸಿಗುತ್ತಿಲ್ಲ ಎಂದರೆ ತಪ್ಪು ಸಿಮೇಕ್‌ನದ್ದಲ್ಲ. ಬಿಲ್ಡ್‌ಗೆ ಬೇಕಾದ ಹೆಡರ್ ಮತ್ತು ಕಾನ್ಫಿಗ್ ಫೈಲುಗಳು ಬರುವುದೇ ಅದರಲ್ಲಿ. ಎಲ್ಲಿ ಹುಡುಕಬೇಕೆಂದು ಹೇಳುವ ಪ್ರಿಫಿಕ್ಸ್ ಪಾತ್ ಕೊಡುವಾಗ ಮಾತ್ರ ಎಚ್ಚರ: ಕಮಾಂಡ್‌ನ ಡಿ ಆಯ್ಕೆಯಲ್ಲಿ ಎರಡು ಫೋಲ್ಡರ್ ನಡುವೆ ಅರ್ಧವಿರಾಮ, ಎನ್ವಿರಾನ್ಮೆಂಟ್ ವೇರಿಯಬಲ್ ಆದರೆ ಲಿನಕ್ಸ್‌ನಲ್ಲಿ ಕೋಲನ್.

5ಕ್ಕೆ 4 ಕೊಡುತ್ತೇನೆ. ಕಳೆದ ಒಂದು ಅಂಕ ಆ ಪಾತ್ ತಡಕುವ ಚಟಕ್ಕೆ. ಎನ್ವಿರಾನ್ಮೆಂಟ್ ಪಾತ್ ಬಳಕೆಯನ್ನು ಇಡೀ ಪ್ರಾಜೆಕ್ಟಿಗೇ ನಿಲ್ಲಿಸುವ ವೇರಿಯಬಲ್ ಒಂದಿದೆ, ಅದನ್ನು ಮುಟ್ಟಬೇಡಿ. ಮುಟ್ಟಿದರೆ ಪ್ರೋಗ್ರಾಂ ಹುಡುಕುವ ಫೈಂಡ್‌ಪ್ರೋಗ್ರಾಂ ಆದೇಶ ಕೂಡ ಪಾತ್ ನೋಡುವುದನ್ನು ಬಿಡುತ್ತದೆ. ಓಪನ್‌ಸಿವಿ ಕರೆಯುವ ಆ ಒಂದು ಸಾಲಿನಲ್ಲಿ ಕಾನ್ಫಿಗ್ ಎಂಬ ಪದದ ಜೊತೆಗೆ ನೋ_ಸಿಸ್ಟಮ್_ಎನ್ವಿರಾನ್ಮೆಂಟ್_ಪಾತ್ ಸೇರಿಸಿ, ಹಳೇ ಕ್ಯಾಶ್ ಅಳಿಸಿ, ಕಾಂಡಾ ಆನ್ ಇಟ್ಟುಕೊಂಡೇ ಬಿಲ್ಡ್ ಮಾಡಿ ನೋಡಿ. ಗ್ರೆಪ್‌ನಲ್ಲಿ /ಯುಎಸ್‌ಆರ್ ಬರುತ್ತದೆ.