ಕೊಬ್ಬರಿ ಡ್ರೈಯರಿನ ಬೋರ್ಡಿನಲ್ಲಿ ಎಟಿಮೆಗಾ328ಪಿ: ನಾಲ್ಕು ಮಳೆಗಾಲದ ನಂತರ

ಬದಿಯಡ್ಕ ಹತ್ತಿರ ನಮ್ಮ ಮನೆಯಲ್ಲಿ ಗೆರಟೆ ಉರಿಸಿ ಕೊಬ್ಬರಿ ಒಣಗಿಸುವ ಡ್ರೈಯರ್ ಇದೆ. ಅದರ ಶಾಖ ಅಳೆಯುವ ಬೋರ್ಡನ್ನು ನಾನೇ ಮಾಡಿದ್ದು. ಒಳಗಿರುವುದು 28 ಕಾಲಿನ ಎಟಿಮೆಗಾ328ಪಿ ಎಂಬ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್.

ಮೊದಲು ವೈ-ಫೈ ಇರುವ 32 ಬಿಟ್ ಬೋರ್ಡ್ ಹಾಕಿದ್ದೆ. ವೇಗ ಜಾಸ್ತಿ ಇದ್ದರೆ ಒಳ್ಳೆಯದು ಅಂದುಕೊಂಡಿದ್ದೆ. ಫೋನಿಗೆ ಕಳಿಸುವಾಗಲೆಲ್ಲ 65 ಡಿಗ್ರಿ ಇದ್ದದ್ದು 72 ತೋರಿಸುತ್ತಿತ್ತು. ಶಾಖ ಅಳೆಯುವ ತಂತಿ, ಅಂದರೆ ಕೆ ಟೈಪ್ ಥರ್ಮೋಕಪಲ್, ಕೊಡುವುದೇ ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಅದರ ಮೇಲೆ ವೈ-ಫೈಯಿಂದ 1 ಮಿಲಿವೋಲ್ಟ್ ನಾಯ್ಸ್ (ಬೇಡದ ವಿದ್ಯುತ್ ಏರಿಳಿತ) ಕೂತರೆ 24 ಡಿಗ್ರಿ ತಪ್ಪು! ಅಮ್ಮ ಆ ಅಂಕಿ ನಂಬಿ ಬೆಂಕಿ ತಗ್ಗಿಸಿದರು. ಕೊಬ್ಬರಿ ಹಸಿ ಉಳಿದು ಬೂಸ್ಟು ಹಿಡಿಯಿತು. ತುಂಬಾ ಬೇಜಾರಾಯಿತು.

ಈ ಚಿಪ್ ಹಿಡಿಸಿದ್ದು ಮುಖ್ಯವಾಗಿ ಒಂದು ಕಾರಣಕ್ಕೆ. ಅಳೆಯುವ ಹೊತ್ತಿಗೆ ಇದನ್ನು ಮಲಗಿಸಬಹುದು. ವೋಲ್ಟೇಜನ್ನು ಅಂಕಿಯಾಗಿಸುವ ಭಾಗಕ್ಕೆ ಎಡಿಸಿ ಅನ್ನುತ್ತಾರೆ. ಎಡಿಸಿ ನಾಯ್ಸ್ ರಿಡಕ್ಷನ್ ಮೋಡಿನಲ್ಲಿ ಸಿಪಿಯು, ಫ್ಲಾಶ್, ಐಒ ಕ್ಲಾಕ್ ನಿಲ್ಲುತ್ತವೆ, ಎಡಿಸಿ ಎಚ್ಚರ ಇರುತ್ತದೆ. ಅಳತೆ ಮುಗಿದ ಕೂಡಲೇ ಅದೇ ಎಬ್ಬಿಸುತ್ತದೆ. ಕ್ಲಾಕನ್ನೂ ಹೊಸ ಚಿಪ್ಪಿನಲ್ಲಿ ಬರುವ 1 ಮೆಗಾಹರ್ಟ್ಸ್‌ನಲ್ಲೇ ಬಿಟ್ಟಿದ್ದೇನೆ. ಶಾಖ ಅಳೆಯಲು ಅಷ್ಟು ಸಾಕು, ಅಲ್ವಾ?

ಸುಮ್ನೆ ಚಿಪ್ ಬದಲಿಸಿದರೆ ಸಾಲದು. ಈ ಚಿಪ್ ಹಾಕಿದ ಮೊದಲ ಬೋರ್ಡಿನಲ್ಲಿ 20ನೇ ಕಾಲನ್ನು, ಅಂದರೆ ಎಡಿಸಿಗೆ ವಿದ್ಯುತ್ ಕೊಡುವ ಎವಿಸಿಸಿಯನ್ನು, ನೇರ 7ನೇ ಕಾಲಿನ ಸಪ್ಲೈಗೆ ಸೇರಿಸಿದ್ದೆ. ಕೊನೆಯ ಅಂಕಿ ಕುಣಿಯುತ್ತಲೇ ಇತ್ತು. ಡೇಟಾಶೀಟಿನಲ್ಲಿ ಇರುವ ಹಾಗೆ ನಡುವೆ 10 ಮೈಕ್ರೋಹೆನ್ರಿ ಕಾಯಿಲ್ ಇಟ್ಟೆ. 100 ನ್ಯಾನೋಫ್ಯಾರಡ್ ಕೆಪಾಸಿಟರನ್ನು ಕಾಲಿನ ಬುಡದಲ್ಲೇ ಸೋಲ್ಡರ್ ಮಾಡಿದೆ. ಅನಲಾಗ್ ಪೋರ್ಟಿನಲ್ಲಿ ಮಿನುಗುತ್ತಿದ್ದ ಎಲ್‌ಇಡಿಯನ್ನು ಬೇರೆ ಪೋರ್ಟಿಗೆ ಹಾಕಿದೆ. ಅಂಕಿ ನಿಂತಿತು. ಥರ್ಮೋಕಪಲ್‌ಗೆ ನೂರು ಪಟ್ಟು ಆಂಪ್ಲಿಫೈಯರ್ ಇದೆ, ಹೋಲಿಸಿ ಅಳೆಯಲು ಚಿಪ್ಪಿನ ಒಳಗಿನ 1.1 ವೋಲ್ಟ್ ರೆಫರೆನ್ಸ್ ಬಳಸಿದ್ದೇನೆ. ಡಿಗ್ರಿಗೆ ಸುಮಾರು ನಾಲ್ಕು ಸ್ಟೆಪ್ ಸಿಗುತ್ತದೆ.

ತೊಂದರೆಗಳೂ ಇವೆ. ಮಲಗಿದಾಗ ಟೈಮರ್ 0 ನಿಲ್ಲುವುದರಿಂದ ಆರ್ಡುಯಿನೊ ಪ್ರೋಗ್ರಾಮಿನಲ್ಲಿ ಸಮಯ ಎಣಿಸುವ ಮಿಲಿಸ್ ಹಿಂದೆ ಬೀಳುತ್ತದೆ. ಒಣಗಿಸಿದ ಗಂಟೆಗಳ ಲೆಕ್ಕ ತಪ್ಪಿ, ಕೊನೆಗೆ ಗಡಿಯಾರದ ಕೆಲಸಕ್ಕೇ ಬೇರೆ ಆರ್‌ಟಿಸಿ ಚಿಪ್ ಹಾಕಬೇಕಾಯಿತು. ಸೀರಿಯಲ್‌ನಲ್ಲಿ (ಒಂದೊಂದೇ ಬಿಟ್ ಆಗಿ) ಕಳಿಸಿ ಮುಗಿಯುವ ಮೊದಲೇ ಮಲಗಿಸಿದರೆ ಅಕ್ಷರ ಹಾಳಾಗುತ್ತದೆ. ರೆಫರೆನ್ಸ್ ಕೂಡ ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2 ವೋಲ್ಟಿನ ತನಕ ಬದಲಾಗಬಹುದು. ಹಾಗಾಗಿ ಪ್ರತಿ ಬೋರ್ಡನ್ನೂ ಕುದಿಯುವ ನೀರಿನಲ್ಲಿ ಹೊಂದಿಸುತ್ತೇನೆ. ಇನ್ನೂ ಸೂಕ್ಷ್ಮ ಅಳತೆ ಬೇಕಾದವರಿಗೆ ಈ ಚಿಪ್ಪಿನ ಎಡಿಸಿಯ 10 ಬಿಟ್ ಸಾಲದು, ಬೇರೆ ಎಡಿಸಿ ಚಿಪ್ಪೇ ಬೇಕು.

ವೈ-ಫೈ ಬೋರ್ಡ್ ಈಗಲೂ ಇದೆ. ಆದರೆ ಬೇರೆ ಡಬ್ಬಿಯಲ್ಲಿ, ಬೇರೆ ಸಪ್ಲೈಯಲ್ಲಿ. ಅಳತೆ ಮುಗಿದ ಮೇಲಷ್ಟೇ ಅದು ಫೋನಿಗೆ ಕಳಿಸುತ್ತದೆ. ಅಮ್ಮ ಜಗಲಿಯಲ್ಲಿ ಕೂತೇ ಶಾಖ ನೋಡುತ್ತಾರೆ.